ಎರಡು ಫಿಲ್ಮು

ಹತ್ತರ ಹೊತ್ತಿಗೇ ಘಾಳೆಪ್ಪ ಚಿಮಣಿಯನ್ನು ಹೊತ್ತು ತಂದ,
ಜೋಳದ ಚೀಲ ಇಳಿಸುವವನ ಹಾಗೆ ಮೇಜಿಗೆ ಇಳಿಸಿದ.
ಗಾಂಧಿಗಂಜಿನಲ್ಲಿ ಹಂದಿ ಕಂಡು
ಓಡುವ ಟಂಟಂನಿಂದ ಜಿಗಿದಿತಂತೆ.
ಎಡ ಹಿಂಗಾಲಿನ ಬೆರಳ ತುದಿಯಷ್ಟೇ ನೆಲಕ್ಕೆ,
ಬಿಸಿ ಹಂಚು ಮುಟ್ಟಿ ನೋಡಿದ ಹಾಗೆ.

ಕೌಸರ್ ಮೇಡಂ ಮೊದಲು ಯಂತ್ರ ಕೇಳಲಿಲ್ಲ.
ಒಂದು ಕೈ ತೊಡೆಗೆ, ಒಂದು ಕೈ ಮಂಡಿಯ ಕೆಳಗೆ,
ಮೇಜಿನ ಖಾನೆ ಎಳೆದಂತೆ ಮೆಲ್ಲಗೆ ಎಳೆದರು.
ಎಲುಬು ಮುಂದೆ ಬಂತು.
‘ಬರಬಾರದು’ ಅಂದರು. ಆಮೇಲೆ ನನ್ನ ಕಡೆ ತಿರುಗಿ,
‘ಎಕ್ಸ್‌ರೇ.’

ಇಪ್ಪತ್ತೆರಡು ವರ್ಷ ಈ ಬೀದರಿನ ಕಾಲೇಜಿನ ಕತ್ತಲ ಕೋಣೆಯಲ್ಲಿ
ಎತ್ತು, ಆಡು, ನಾಯಿಗಳ ಎಲುಬು ಹಿಡಿದಿದ್ದೇನೆ.
ಎಕ್ಸ್‌ರೇಗೆ ಗುರುತು ಸಿಗುವುದು ಸುಣ್ಣದ್ದು;
ಎಲುಬಿಗೂ ಎಲುಬಿಗೂ ಕಟ್ಟಿದ ಹುರಿ ಅದಕ್ಕೆ ಗಾಳಿ.
ನೌಬಾದಿನ ಕರೇಜ್ ಇದ್ದ ಹಾಗೆ:
ಒಳಗೆ ಹರಿಯುವ ನೀರು ಯಾರಿಗೂ ಕಾಣದು,
ಕೆಮ್ಮಣ್ಣಿನ ಮೇಲೆ ಸಾಲಾಗಿ ಬಾವಿಗಳ ಬಾಯಿ ಮಾತ್ರ.
ಇಲ್ಲೂ ಅಷ್ಟೇ. ಕೊಬ್ಬಿನ ಕರಿ ಮೂಲೆ ಮುಂದಕ್ಕೆ ಸರಿದಿದೆ,
ಯಾವುದೋ ಒಳಗಿನಿಂದ ತಳ್ಳುತ್ತಿದೆ.

‘ಹರದದ್ದು ಎಲ್ಲಿ ಅದರೀ?’
‘ಇದರಾಗ ಕಾಣಲ್ಲ.’
‘ಕಾಣಲ್ಲಂದ್ರ ಫೋಟೋ ಯಾಕ ತೆಗದ್ರಿ?’
ನನ್ನ ಹತ್ತಿರ ಉತ್ತರ ಇರಲಿಲ್ಲ, ರಸೀದಿ ಇತ್ತು.

ಕೂದಲು ಬೋಳಿಸಿ, ಜೆಲ್ ಹಚ್ಚಿ, ಅಲ್ಟ್ರಾಸೌಂಡ್ ಇಟ್ಟೆವು.
ಸಜ್ಜೆಯ ಹಿಟ್ಟು ಚೆಲ್ಲಿದಂಥ ಬೂದು.
ಅದರೊಳಗೆ ಒಂದು ಕಪ್ಪು ಗೆರೆ
ಬಂತು, ಕೈ ಅಲುಗಿತು, ಹೋಯಿತು.
ಮೇಡಂ ಕಣ್ಣು ಕಿರಿದು ಮಾಡಿ ‘ಇರಬಹುದು’ ಅಂದರು.
ಈ ಯಂತ್ರಕ್ಕೆ ಬರುವ ಕ್ರಿಯಾಪದ ಅದೊಂದೇ.

ಸಿಟಿಯಲ್ಲಿ ಕೀಲಿಗೆ ಮದ್ದು ತುಂಬಿ ತೆಗೆದರೆ
ಹಾಲಲ್ಲಿ ಬಿದ್ದ ಕರಿದಾರದಂತೆ ಎದ್ದು ಕಾಣುತ್ತದಂತೆ;
ನಾನು ಪುಸ್ತಕದಲ್ಲಿ ನೋಡಿದ್ದು.
ಎಂಆರ್‌ಐ ಬೇಕೆಂದರೆ ಹೈದರಾಬಾದು.
ಗಾಡಿ, ಡೀಸೆಲ್ಲು, ಮಂಪರು, ಸ್ಕ್ಯಾನು—
ಘಾಳೆಪ್ಪ ಬೆರಳ ಗೆಣ್ಣು ಎಣಿಸುತ್ತಾ ಹೋಗಿ
ನಡುಬೆರಳಿಗೇ ಮುಷ್ಟಿ ಮುಚ್ಚಿದ.

ಯಾಕೋ ಗೊತ್ತಿಲ್ಲ, ನಾನು ಎದ್ದು
ಅಲಮಾರಿಯಿಂದ ಒಂದು ದೊಡ್ಡ ಲಕೋಟೆ ತೆಗೆದೆ.
ಬೆಳಕಿನ ಪೆಟ್ಟಿಗೆಗೆ ಚಿಮಣಿಯದರ ಪಕ್ಕ ಸಿಕ್ಕಿಸಿದೆ.
‘ನೋಡು, ಈ ಕರಿ ಪಟ್ಟಿ. ಇದೇ ಆ ಹುರಿ.
ಇಲ್ಲಿತನಕ ಗಟ್ಟಿ ಅದ.
ಇಲ್ಲಿಂದ ಬೆಳ್ಳಗೆ, ಎಳೆ ಎಳೆ.’

ಘಾಳೆಪ್ಪ ಮೂಗು ತಾಗುವಷ್ಟು ಬಗ್ಗಿದ.
‘ಎಷ್ಟು ಸಾಫ್ ಬಂದದ! ಇದ್ಯಾವ ಜಾತಿ ನಾಯೀದರೀ?’
‘ನಂದು.’

ಮೇಡಂ ಪೆನ್ನು ನಿಂತಿತು.
ಹೋದ ಆಷಾಢದಲ್ಲಿ ಇದೇ ಕಾಲೇಜಿನ ಮೆಟ್ಟಿಲು.
ರಜೆ ಸಿಗಲಿಲ್ಲ ಅಂದುಕೊಂಡಿದ್ದೆ; ನಿಜ ಅಂದರೆ ಕೇಳಿರಲಿಲ್ಲ.
ಕುಂಟುವುದನ್ನೂ ಕಲಿತಿದ್ದೆ,
ನಾಯಿಗೆ ಬರದ ಹಾಗೆ: ಯಾರಿಗೂ ಗೊತ್ತಾಗದಂತೆ.

ಆತ ಫಿಲ್ಮು ಬಿಟ್ಟು ನನ್ನ ಕಾಲು ನೋಡಿದ.
ಮೇಡಂ ಚಿಮಣಿಯ ಕಾಲು ನೋಡಿದ್ದರಲ್ಲ, ಹಾಗೆ.
ಏನೂ ಅನ್ನದೆ ವರಾಂಡಕ್ಕೆ ಹೋಗಿ
ಕಾಯುವವರ ಸ್ಟೂಲು ಎತ್ತಿಕೊಂಡು ಬಂದ.
‘ಕುಂದ್ರ್ರಿ ಮೊದಲ. ನಿಂತೇ ತೋರಸ್ತೀರಲ್ಲ ಆಗಿಂದ.’

ಕೂತೆ.
ತರಬೇತಿಯ ವಿಮಾನವೊಂದು ಛಾವಣಿ ಮೇಲಿಂದ ಹಾಯಿತು,
ಚಿಮಣಿ ಒಂದೇ ಕಿವಿ ತಿರುಗಿಸಿತು.
ಆಪರೇಷನ್ನಿಗೆ ಸೋಮವಾರ ಬರೆದರು.
ಪೆಟ್ಟಿಗೆಯ ಬೆಳಕು ಆರಿಸಲು ಎದ್ದವಳನ್ನು
ಮೇಡಂ ಕೈಸನ್ನೆಯಲ್ಲೇ ಕೂರಿಸಿದರು.