ಚಾರ್ಜ್ ಪಟ್ಟಿಯಲ್ಲಿ ಇಲ್ಲದ್ದು

ದೀಪ ಎರಡು. ಹಸಿರು ಬಾವುಟ ಒಂದು, ಕೆಂಪು ಎರಡು.
ಮಂಜಿನ ದಿನ ಹಳಿಗೆ ಕಟ್ಟುವ ಪಟಾಕಿ, ಡಬ್ಬಿಯಲ್ಲಿ ಹತ್ತು,
ಎಣಿಸಿಕೊ ದಿಲ್‌ಶಾದ್, ಎಣಿಸಿ ಸಹಿ ಹಾಕು.
ಗೇಟಿನ ಬೀಗದ ಕೈ. ಫೋನು, ಮಳೆ ಬಂದರೆ ಗೊರಗೊರ ಅನ್ನುತ್ತೆ,
ಯಲಿಯೂರಿನವರು ಹೇಳಿದ್ದನ್ನೇ ಎರಡು ಸಲ ಹೇಳಿಸಿಕೊ.
ಕಾಲು ಮುರಿದ ಕುರ್ಚಿ.

ಇನ್ನು ಇದು. ತೊಟ್ಟಿ ಪಕ್ಕದ ಹಳೇ ಎಣ್ಣೆ ಡಬ್ಬ.
ಪಟ್ಟಿಯಲ್ಲಿ ಇಲ್ಲ. ಇಣುಕಿದರೆ ಬರೀ ಮಣ್ಣು.
ನಗಬೇಡ ಕಣವ್ವ. ಖಾಲಿಯಲ್ಲ, ಮಲಗಿದೆ.

ಎರಡನೇ ಹಳಿ ಹಾಕುವಾಗ ಜೆಸಿಬಿ ಏರಿ ಬಗೆದ ದಿನ
ಕತ್ತಾಳೆ ಬೇಲಿ ಬುಡಮೇಲಾಗಿ
ಮಣ್ಣಿನ ಗುಪ್ಪೆಯಲ್ಲಿ ಬಿದ್ದಿತ್ತು ಈ ಗಡ್ಡೆ,
ಕೆಲಸ ಮುಗಿದ ನೇಗಿಲ ಹಾಗೆ ಬಾಗಿ,
ಇದ್ದ ಎರಡು ತೋಳಲ್ಲಿ ಒಂದು ಮುರಿದು.
ಅಂಗಿ ಜೇಬಿಗೆ ಹಾಕಿಕೊಂಡೆ.
ಏನದು ಮಾಯಿಗಯ್ಯ, ಅಂದರು ಸಾಹೇಬರು.
ಶುಂಠಿ ಸಾರ್.
ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಅದೊಂದೇ ಸುಳ್ಳು.
ಎರಡು. ಇನ್ನೊಂದು ಈಗ ಬೇಡ.

ನಮ್ಮವ್ವ ಗೌರಿ ಹೂ ಅನ್ನೋಳು.
ನಾಟಿ ಮದ್ದಿನ ಚಿಕ್ಕೀರಯ್ಯ ಅಗ್ನಿಶಿಖೆ ಎಂದು ಕೈ ಹಿಂದಕ್ಕೆಳೆದುಕೊಂಡ.
ಇಬ್ಬರೂ ಸರಿಯೆ. ಚೂರು ನಾಲಿಗೆಗೆ ತಾಕಿದರೂ ಕೇಡು,
ಮುಟ್ಟಿದ ಕೈ ತೊಳೆದು ಉಣ್ಣು.
ಮಗಳು ಅಂಬೆಗಾಲಿಡುತ್ತಾಳೆ ಅಂದೆಯಲ್ಲ,
ಡಬ್ಬ ನಾಳೆಯೇ ಗೋಡೆ ಮೇಲಕ್ಕೆ.

ಈಗ ಜನವರಿ. ನೀರು ಹಾಕಬೇಡ.
ಅದೇ ಕಷ್ಟ. ಹಾಕುವುದು ಯಾರಿಗಾದರೂ ಬರುತ್ತೆ.
ಕಬ್ಬಿನ ಗಾಡಿಯವರು ಗೇಟು ಬಿದ್ದಾಗ ಇಲ್ಲೇ ಕೂತು
ಬೀಡಿ ತುಂಡು ಇದಕ್ಕೇ ಚುಚ್ಚುತ್ತಾರೆ, ಆರಿಸಿ ತೆಗೆ.
ಮಾರ್ಚಿನಲ್ಲಿ, ಗೂಡ್ಸ್ ತಡವಾದ ರಾತ್ರಿ, ಆಲೆಮನೆ ಹೊಗೆ ಇತ್ತ ಬೀಸುವಾಗ
ಕೆದಕಿ ನೋಡೋಣ ಅನ್ನಿಸುತ್ತೆ, ಇದೆಯೋ ಸತ್ತಿದೆಯೋ ಎಂದು.
ನಾನು ಕೆದಕಿದೆ, ಎರಡನೇ ವರ್ಷ.
ಒಂದೊಂದು ತೋಳಿನ ತುದಿಗೆ ಒಂದೊಂದೇ ಕಣ್ಣು, ಅಕ್ಕಿಕಾಳಿನಷ್ಟು,
ಉಗುರು ತಾಗಿ ಒಂದು ಹೋಯಿತು.
ಆಮೇಲೆ ಕೆದಕಿಲ್ಲ.

ಮಣ್ಣು ಬದಲಿಸುವುದಾದರೆ ಕೆಮ್ಮಣ್ಣು, ಮರಳು,
ಕೊಳೆತ ಹೊಂಗೆ ಸೊಪ್ಪು ಒಂದು ಬೊಗಸೆ.
ನಾಲೆ ಬದಿಯ ಎರೆ ಬೇಡ. ಭತ್ತವಲ್ಲ ಇದು,
ಮಂಡ್ಯದಲ್ಲಿದ್ದೂ ಕಾಲು ಒದ್ದೆಯಾದರೆ ಸಹಿಸುವುದಿಲ್ಲ.

ಮುಂಗಾರಿನ ಮೊದಲ ಮಳೆಯನ್ನು ನಂಬುವುದಿಲ್ಲ,
ಎರಡನೆಯದಕ್ಕೆ ಏಳುತ್ತೆ, ಪೆನ್ಸಿಲ್ ಮೊನೆ.
ಆಗ ಕಡ್ಡಿ ನೆಡು. ಎಲೆಯ ತುದಿಯೇ ಬೆರಳು ಅದಕ್ಕೆ,
ಸುರುಳಿ ಸುತ್ತಿ ಸಿಕ್ಕಿದ್ದನ್ನು ಹಿಡಿಯುತ್ತೆ:
ಕಡ್ಡಿ, ತಂತಿ, ಒಣಹಾಕಿದ ಅಂಗಿಯ ತೋಳು,
ಒಮ್ಮೆ ಕೆಂಪು ಬಾವುಟ.
ಅದಕ್ಕೇ ಪಟ್ಟಿಯಲ್ಲಿ ಎರಡು.

ಕಪ್ಪು ಮೈಗೆ ಬಿಳಿ ಚುಕ್ಕೆಯ ಹುಳ ಬರುತ್ತವೆ, ಆ ವಿಷ ತಿಂದೇ ಕೊಬ್ಬುವಂಥವು.
ಕಡ್ಡಿಯಿಂದ ಎತ್ತಿ ಹಳಿಯಾಚೆ ಬಿಡುತ್ತೇನೆ.
ಮತ್ತೆ ಬರುತ್ತವೆ. ಅವಕ್ಕೂ ಟೈಮ್‌ಟೇಬಲ್ ಇದೆ.

ಮೊಗ್ಗು ತಲೆ ತಗ್ಗಿಸಿರುತ್ತೆ, ಹಸಿರು.
ಎಸಳು ಹಿಂದಕ್ಕೆ ಮಡಚಿ ಮೇಲೆದ್ದಂತೆ ಹಳದಿ,
ಕೆಲವು ದಿನ ಬಿಟ್ಟರೆ ಪೂರಾ ಕೆಂಪು.
ನಮ್ಮ ಸಿಗ್ನಲ್ಲಿನದೇ ಲೆಕ್ಕ.
ಹೋದ ಗೌರಿ ಹಬ್ಬದ ಹಿಂದಿನ ದಿನ
ಲಾರಿಯವನೊಬ್ಬ ಗೇಟು ತೆಗೆದ ಮೇಲೂ ನಿಂತೇ ಇದ್ದ,
ಹಿಂದಿನವರ ಹಾರ್ನು, ಬೈಗುಳ,
ಅವನು ಇಳಿದು ಬಂದು ಕೈ ಹಿಂದೆ ಕಟ್ಟಿಕೊಂಡು ನೋಡಿದ,
ಏನೂ ಕೇಳಲಿಲ್ಲ, ಹೋದ.

ನವೆಂಬರಿಗೆ ಬಳ್ಳಿ ಒಣಹುಲ್ಲು. ಎಳೆಯಬೇಡ, ತಾನೇ ಕಳಚಲಿ.
ಒಳಗೆ ಹಳೇ ಗಡ್ಡೆ ಹಿಂಡಿದ ಬಟ್ಟೆಯಾಗಿ ಸುಕ್ಕಿರುತ್ತೆ,
ಪಕ್ಕದಲ್ಲಿ ಹೊಸದು, ಎರಡು ತೋಳಿನದು.
ಯಾವ ಸಹಿಯೂ ಇಲ್ಲದೆ.

ಫೋನು ಬಡಿಯುತ್ತಿದೆ, ಎತ್ತು. ಚಾಮುಂಡಿ ಮಂಡ್ಯ ಬಿಟ್ಟಿರಬೇಕು.
ಗೇಟು ನೀನೇ ಹಾಕು, ನಾನು ನೋಡುತ್ತೇನೆ.
ಓಡಬೇಡ.
ಡಬ್ಬ, ಡಬ್ಬ, ಕಾಲು ತಾಗೀತು.