ಇನ್ನೂರು ಪದ ಮೀರದಂತೆ

ಸೆಪ್ಟೆಂಬರ್ ಬಂತೆಂದರೆ ನನ್ನದೇ ಈ ಕೆಲಸ:
ಡಂಡೀಯ ಪರ್ತ್ ರಸ್ತೆಯಲ್ಲಿ, ಮೂರನೇ ಮಹಡಿಯಲ್ಲಿ ಕೂತು
ಪ್ರೊಫೆಸರುಗಳಿಗೆಲ್ಲ ಬರೆಯುವುದು:
ನಿಮ್ಮ ಸಂಶೋಧನಾ ಆಸಕ್ತಿಗಳನ್ನು ಕಳಿಸಿ,
ಇನ್ನೂರು ಪದ ಮೀರದಂತೆ, ಭಾವಚಿತ್ರದ ಜೊತೆ.

ಬಂಗಾಳದ ಸೆಣಬು ಹಡಗಿನಿಂದ ಇಳಿಯುತ್ತಿದ್ದ ಊರು ಇದು.
ಗಿರಣಿ ಮುಚ್ಚಿ ಎಷ್ಟೋ ಕಾಲವಾಯಿತು.
ಈಗ ಇಳಿಯುವ ಸರಕು ನಾವು.

ಘಾನಾದ ಅಸಿಯೆಡು ಆರುನೂರು ಪದ ಕಳಿಸುತ್ತಾರೆ,
ಒಂದಕ್ಕೆ ಕತ್ತರಿ ಬಿದ್ದರೂ
ಮೆಟ್ಟಿಲಲ್ಲಿ ಸಿಕ್ಕಾಗ ಮುಖ ತಿರುವುತ್ತಾರೆ.
ಚಿಲಿಯಿಂದ ಬಂದವನು ಹೋದ ವರ್ಷದ್ದನ್ನೇ ಕಳಿಸಿದ,
'ಉದಯೋನ್ಮುಖ' ಎಂಬುದನ್ನಷ್ಟೇ ಅಳಿಸಿ.
ಎಟೆಲ್ಕಾ ವರ್ಶಾನಿ ಕಳಿಸಿದ್ದು ಒಂದೇ ಪದ:

ಕೆಸರು.

ಕನಿಷ್ಠ ಐವತ್ತು ಬೇಕೆಂದು ಪರದೆ ಕೆಂಪಾಯಿತು.
ಎದ್ದು ಅವರ ಕೋಣೆಗೇ ಹೋದೆ.
ಕಿಟಕಿಯಾಚೆ ಟೇ ನದಿ, ಇಳಿತದ ಹೊತ್ತು,
ಸೇತುವೆಯ ಕಾಲುಗಳು ಮೊಣಕಾಲುದ್ದ ಬರಿಗೆಸರಲ್ಲಿ.
ಒಳಗೆ ಮೇಜಿನ ತುಂಬ ತಟ್ಟೆ, ತಟ್ಟೆ ತುಂಬ ಒಣಗುವ ಕೆಸರು,
ಒಂದೊಂದಕ್ಕೂ ಹುಟ್ಟಿದ ತಾರೀಖಿನ ಚೀಟಿ.

'ಬರೆದುಕೋ' ಅಂದರು.
'ಸೆಗೆಡ್‌ನಿಂದ ಬಂದಾಗ ಇದರ ಹೆಸರು ಕೃಷಿ ಉತ್ಪಾದಕತೆ.
ದುಡ್ಡು ಅಲ್ಲಿತ್ತು. ಆಮೇಲೆ ಅಪಾಯ ನಿರ್ವಹಣೆ.
ಕೆಲವು ವರ್ಷ, ನಗಬೇಡ, ರಾಷ್ಟ್ರೀಯ ಭದ್ರತೆ.
ಈಗ ಹವಾಮಾನ.
ತನಗೆ ನಾಲ್ಕು ಸಲ ನಾಮಕರಣವಾದದ್ದು
ಕೆಸರಿಗೆ ಇನ್ನೂ ಗೊತ್ತಿಲ್ಲ.'

ಇಂಗ್ಲಿಷಿನಲ್ಲಿ ಆಸಕ್ತಿಗೂ ಬಡ್ಡಿಗೂ ಒಂದೇ ಪದ.
ಇಲ್ಲಿಗೆ ಬಂದು ಹತ್ತು ವರ್ಷ ಈ ಪತ್ರ ಬರೆದ ಮೇಲೆ
ಯಾಕೆಂದು ಹೊಳೆದಿತ್ತು:
ವರ್ಷ ವರ್ಷ ಕಟ್ಟುತ್ತಾರೆ, ಅಸಲು ಹಾಗೇ ಇರುತ್ತದೆ.

'ಅಸಲು ಯಾವುದು ಹಾಗಾದರೆ?' ಕೇಳಿದೆ.

ಟಿಸಾ ನದಿಯ ನೆರೆ ಇಳಿದ ಮೇಲೆ
ಶಾಲೆಯ ಅಂಗಳದಲ್ಲಿ ಉಳಿದದ್ದು ಒಣಗುತ್ತಿತ್ತಂತೆ.
ಏಳು ವರ್ಷದವಳು ಮೂರು ದಿನ ಕುಕ್ಕರುಗಾಲಲ್ಲಿ ಕೂತು ಕಾದಳಂತೆ
ಮೊದಲ ಬಿರುಕು ಎಲ್ಲಿ ಹುಟ್ಟುತ್ತದೆಂದು.
ಊಟಕ್ಕೆ ಕರೆದರು. ಹೋಗಿ ಬರುವಷ್ಟರಲ್ಲಿ ಹುಟ್ಟಿಬಿಟ್ಟಿತ್ತು.
'ಪ್ರಶ್ನೆ ಅದೊಂದೇ. ಮಿಕ್ಕದ್ದೆಲ್ಲ ಸಂಬಳ.'

ನಮ್ಮಲ್ಲೊಂದು ಗಾದೆ ಇದೆ ಅಂದೆ:
ಕೈ ಕೆಸರಾದರೆ ಬಾಯಿ ಮೊಸರು.
ಎರಡು ಸಲ ಬಿಡಿಸಿ ಹೇಳಬೇಕಾಯಿತು.
ಅವರು ತಮ್ಮ ಉಗುರುಗಳನ್ನು ನೋಡಿಕೊಂಡರು,
'ಮೊಸರನ್ನು ನಾನು ಟೆಸ್ಕೋದಲ್ಲಿ ಕೊಳ್ಳುತ್ತೇನೆ' ಅಂದರು.
ಆಮೇಲೆ, ಚಹಾಕ್ಕೆ ನೀರಿಡುತ್ತ, 'ನಿನ್ನದು?'

ಈ ಕಟ್ಟಡದಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ.
ಧಾರವಾಡದಲ್ಲಿ ಎಂಎಸ್ಸಿ, ಭೂವಿಜ್ಞಾನ, ಎರಡನೇ ವರ್ಷ.
ನವಲಗುಂದದ ಎರೆಹೊಲ, ಏಪ್ರಿಲ್ ಬಿಸಿಲು,
ಅಂಗೈ ತೂರುವಷ್ಟು ಅಗಲಕ್ಕೆ ನೆಲ ಬಾಯಿ ಬಿಟ್ಟಿತ್ತು.
ಕೈಜಾರಿ ಕಬ್ಬಿಣದ ಅಳತೆಪಟ್ಟಿ ಒಳಗೆ ಬಿತ್ತು.
ಕಿವಿ ಹಚ್ಚಿ ಮಲಗಿದೆ. ತಳ ಮುಟ್ಟಿದ ಸದ್ದು ಬರಲಿಲ್ಲ.
ಗುರುಗಳು ಪಟ್ಟಿಯ ಬೆಲೆ ಕೇಳಿದರು. ನಾಲ್ಕು ರೂಪಾಯಿ.
ಆಮೇಲೆ ಮದುವೆ, ವೀಸಾ, ಈ ಕುರ್ಚಿ.

ಎಟೆಲ್ಕಾ ಕೇಟಲ್ ಮರೆತರು.
'ಎಷ್ಟು ಆಳ? ಬಿರುಕಿನ ಗೋಡೆ ನುಣುಪೋ, ತರಿಯೋ?
ಹಿಂದಿನ ವರ್ಷ ಕಡಲೆ ಹಾಕಿದ್ದರೋ, ಹತ್ತಿಯೋ?'
ಪೆನ್ಸಿಲು ಹುಡುಕಿ, ತಮ್ಮ ಹೊಲಸು ನೋಟ್‌ಬುಕ್ಕಿನಲ್ಲಿ
ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು.
ನನಗೆ ನೆನಪಿದ್ದದ್ದು ಅರ್ಧ.

ಡಿಸೆಂಬರಿನಲ್ಲಿ ನಿವೃತ್ತರಾದರು. ಬೂಟು ಬಿಟ್ಟು ಹೋಗಿದ್ದಾರೆ,
ನನ್ನ ಕಾಲಿಗೆ ಎರಡು ಅಳತೆ ದೊಡ್ಡದು.
ಅವರ ಪುಟ ಇನ್ನೂ ಇದೆ: ಮೊದಲ ಪದ ಅವರದ್ದು,
ಉಳಿದ ನಲವತ್ತೊಂಬತ್ತನ್ನು ಗಡುವಿನ ರಾತ್ರಿ ನಾನು ತುಂಬಿದ್ದು.
ಅದರಲ್ಲೊಂದು ನವಲಗುಂದ.
ಸಮಿತಿ ಸಹಿ ಹಾಕಿತು, ಯಾರೂ ಓದಲಿಲ್ಲ ಅಂದುಕೊಂಡಿದ್ದೆ.

ಇಂದು ಬೆಳಿಗ್ಗೆ ಅಡಿಲೇಡಿನ ವಿದ್ಯಾರ್ಥಿಯೊಬ್ಬಳ ಪತ್ರ:
ಪ್ರಿಯ ಪ್ರೊಫೆಸರ್, ಈ ಊರು ಎಲ್ಲಿದೆ?
ಅಲ್ಲಿನ ಅಳತೆಗಳು ನಿಮ್ಮಲ್ಲಿವೆಯೇ?

ಉತ್ತರ ಬರೆಯಲು ಕೂತಿದ್ದೇನೆ.
ಹೊರಗೆ ನೀರು ಏರುತ್ತಿದೆ.
ಎಲ್ಲೋ ಆ ಪಟ್ಟಿ
ಇನ್ನೂ ಬೀಳುತ್ತಲೇ ಇದೆ.