ಬೂದು ಕೋಟಿನ ಮೊಣಕೈ

ಗುರುವಾರ ಬೆಳಗ್ಗೆ ಮೂಟೆ ಬಿಚ್ಚುತ್ತಾರೆ.
ಲುಸಾಕದ ನಮ್ಮ ಸಂತೆಯಲ್ಲಿ ಇದಕ್ಕೆ ಸಲೌಲ ಅನ್ನುತ್ತೇವೆ,
ಕೆದಕಿ ಕೆದಕಿ ಆರಿಸುವುದು ಅಂತ ಅರ್ಥ,
ಕೋಳಿ ತಿಪ್ಪೆ ಕೆದಕಿದ ಹಾಗೆ,
ಕೋಳಿಗಿರುವಷ್ಟು ಸಂಕೋಚವೂ ಇಲ್ಲದೆ.

ತಂತಿ ಕತ್ತರಿಸಿದ ಕೂಡಲೇ ಮೂಟೆ ಉಸಿರು ಬಿಡುತ್ತದೆ:
ಯಾವುದೋ ಚಳಿದೇಶದ ಬೀರು,
ನುಸಿಗುಳಿಗೆ, ಸೋಪು, ಹಡಗಿನ ತೇವ.
ಮೊದಲು ಕೈ ಹಾಕಿದವರಿಗೆ ದರ ಜಾಸ್ತಿ,
ಮಧ್ಯಾಹ್ನಕ್ಕೆ ಇಳಿಯುತ್ತದೆ,
ಸಂಜೆಗೆ ಉಳಿಯುವುದು ಜಿಪ್ಪು ಹೋದದ್ದು, ಗುಂಡಿ ಬಿದ್ದದ್ದು,
ಯಾರ ಮೈಗೂ ಆಗದ ದೊಡ್ಡದು.
ನನ್ನ ಗಿರಾಕಿಗಳು ಸಂಜೆಯವರು.

ಮುಟಿಂಟಾ ಬಂದದ್ದು ಐದೂವರೆಗೆ,
ಕುಡಿದು ಬಿದ್ದ ಗಂಡಸನ್ನು ಹೆಗಲಿಗೆ ಹಾಕಿಕೊಂಡ ಹಾಗೆ
ಬೂದು ಉಣ್ಣೆಯ ಕೋಟು ಹೊತ್ತು.
‘ಅರವತ್ತು ಕ್ವಾಚ’ ಎಂದಳು.
‘ನಲವತ್ತಕ್ಕೆ ಬರುತ್ತಿತ್ತು’ ಎಂದೆ.
ಇದು ನನ್ನ ಚಾಳಿ, ಮಾತಿಗೆ ಅರ್ಥವಿಲ್ಲ.

ಸೋಮವಾರ ಹೋಟೆಲಿನಲ್ಲಿ ಸಂದರ್ಶನ,
ಬಂದವರಿಗೆ ಕೀಲಿ ಕೊಡುವ ಮೇಜು.
ಈವರೆಗೆ ಅದೇ ಹೋಟೆಲಿನ ಹಿಂಬಾಗಿಲಲ್ಲಿ
ಒಗೆದ ಚಾದರ ಎಣಿಸುತ್ತಿದ್ದಳಂತೆ.
‘ಹಿಂಬಾಗಿಲಿಂದ ಮುಂಬಾಗಿಲಿಗೆ ನಲವತ್ತೇ ಹೆಜ್ಜೆ ಸಿತಾಲಿ,
ನಡುವೆ ಒಂದು ಜಾಕೆಟ್ಟು ಬೇಕು, ಅಷ್ಟೆ.’

ಹಾಕಿಸಿ ನಿಲ್ಲಿಸಿದೆ.
ಭುಜ ಪಕ್ಕದ ಟೊಮೆಟೊ ಅಂಗಡಿಯವರೆಗೆ ಹೋಗಿತ್ತು,
ಕೈ ತೋಳಿನೊಳಗೆ ನಾಪತ್ತೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಹಾಸಿಗೆಯೇ ಉದ್ದವಾದರೆ ಏನು ಮಾಡಬೇಕು
ಅಂತ ಯಾರೂ ಹೇಳಿ ಹೋಗಿಲ್ಲ.
ನಾನು ಸೀಮೆಸುಣ್ಣ ತೆಗೆದೆ.

ಭುಜದ ಮೆತ್ತೆ ಮೊದಲು ಹೋಗಲಿ,
ಒಳಗೆ ಬರೀ ಸ್ಪಂಜು, ದೊಡ್ಡವರ ಮಾತಿನ ಹಾಗೆ.
ಬೆನ್ನ ನಡುಗೆರೆ ಎರಡು ಬೆರಳು ಒಳಕ್ಕೆ.
ಸೊಂಟದಲ್ಲಿ ಎರಡು ಚಿಮಟ.
ಮಂಡಿ ಮುಟ್ಟುವುದು ಸೊಂಟದ ಮೂಳೆಗೆ ಬರಲಿ,
ಕೆಳಗಿನ ತುಂಡು ಅವಳ ಮಗನ ಚೀಲಕ್ಕೆ.
‘ಗುಂಡಿ ಗಂಡಸರ ಕಡೆಗಿದೆ, ಬದಲಿಸಲಾ?’
‘ಇರಲಿ ಬಿಡು.
ಹಾಕಿಕೊಳ್ಳುವವಳೂ ನಾನು, ಬಿಚ್ಚುವವಳೂ ನಾನೇ.’

ರಾತ್ರಿ, ದೀಪದ ಕೆಳಗೆ, ಅಸ್ತರು ಬಿಚ್ಚಿದೆ.
ಎಡ ಮೊಣಕೈಯಲ್ಲಿ ರಫು.
ಬೆರಳಿಗೆ ಸಿಕ್ಕಿತು, ಕಣ್ಣಿಗೆ ಆಮೇಲೆ.
ಇರುವೆ ಕಾಲಿನಷ್ಟು ಸಣ್ಣ ಹೊಲಿಗೆ,
ಅಡ್ಡಕ್ಕೊಂದು ಉದ್ದಕ್ಕೊಂದು, ಬುಟ್ಟಿ ಹೆಣೆದ ಹಾಗೆ.
ಅರ್ಧದವರೆಗೆ ಬೂದು ದಾರ,
ಅಲ್ಲಿಂದಾಚೆ ಚೂರು ನೀಲಿ.

ದಾರ ಮುಗಿದಿದೆ.
ಅಂಗಡಿ ಮುಚ್ಚಿದ್ದಿರಬೇಕು, ಅಥವಾ ತಿಂಗಳ ಕೊನೆ.
ಇದ್ದುದರಲ್ಲಿ ಹತ್ತಿರದ ಬಣ್ಣ ಹುಡುಕಿ ಮುಗಿಸಿದ್ದಾರೆ.
ಮೂವತ್ತು ವರ್ಷದಿಂದ ಅವರ ಬಟ್ಟೆ ಕತ್ತರಿಸುತ್ತಿದ್ದೇನೆ,
ಅಲ್ಲೂ ದಾರ ಮುಗಿಯುತ್ತದೆಂದು ನನಗೆ ಗೊತ್ತಿರಲಿಲ್ಲ.

ತೋಳನ್ನು ಮಣಿಕಟ್ಟಿನ ಕಡೆ ಕತ್ತರಿಸಿದರೆ
ಅರ್ಧ ಗಂಟೆಯ ಕೆಲಸ.
ಆದರೆ ರಫು ಜಾರಿ ಮುಂಗೈಗೆ ಬೀಳುತ್ತದೆ,
ತಪ್ಪು ವಿಳಾಸದ ಕಾಗದದ ಹಾಗೆ.
ಭುಜದಿಂದಲೇ ಬಿಚ್ಚಿದೆ. ಮೇಲಿನಿಂದ ಇಳಿಸಿದೆ.
ಕಂಕುಳ ಎರಡು ಸಲ ತಪ್ಪಿತು.
ಮಸೀದಿಯ ಮೊದಲ ಕೂಗಿನ ಹೊತ್ತಿಗೆ
ಮೊಣಕೈ ಮೊಣಕೈಯ ಜಾಗಕ್ಕೆ ಬಂದಿತ್ತು.
ಇದಕ್ಕೆ ದುಡ್ಡು ಕೇಳಲಿಲ್ಲ. ಕೇಳುವುದಾದರೂ ಏನಂತ?

ಶನಿವಾರ ನನ್ನ ಒಡೆದ ಕನ್ನಡಿಯಲ್ಲಿ
ಅವಳು ತುಂಡು ತುಂಡಾಗಿ ನೋಡಿಕೊಂಡಳು,
ಕೈ ಮಡಿಸಿ, ಚಾಚಿ, ಮತ್ತೆ ಮಡಿಸಿ.
‘ಇದು ನೀನು ಹಾಕಿದ್ದಾ?’
‘ಅಲ್ಲ.’
‘ಮತ್ತೆ?’
‘ಮೊದಲೇ ಇತ್ತು.’
ಹೆಬ್ಬೆರಳಿಂದ ಒಮ್ಮೆ ಸವರಿದಳು.
ಅರ್ಧ ಕೂಲಿ ಕೊಟ್ಟಳು, ಮೂವತ್ತು ಬಾಕಿ,
ನಲವತ್ತು ಹೆಜ್ಜೆ ಅಳೆಯುವ ಹಾಗೆ
ಈರುಳ್ಳಿ ಸಿಪ್ಪೆಯ ಮೇಲೆ ನಡೆದು ಹೋದಳು.

ಮಂಗಳವಾರ ಬರಲಿಲ್ಲ.
ಬುಧವಾರ ಅವಳ ಮಗ ಬಂದ,
ಹೆಗಲಲ್ಲಿ ಬೂದು ಚೀಲ,
ಚೀಲದಲ್ಲಿ ಹೋಟೆಲಿನವರು ಕೊಟ್ಟ ಸಮವಸ್ತ್ರ.
ಹೊಚ್ಚ ಹೊಸದು. ಯಾರ ವಾಸನೆಯೂ ಇಲ್ಲ.
ಭುಜ ಸಡಿಲ, ಸೊಂಟ ಬಿಗಿ, ತೋಳು ಗಿಡ್ಡ.
‘ಅಮ್ಮ ಹೇಳಿದಳು, ಇದನ್ನೂ ಸ್ವಲ್ಪ ಮನುಷ್ಯರಿಗೆ ಆಗೋ ಹಾಗೆ ಮಾಡಬೇಕಂತೆ.’

ಮೂವತ್ತು ಕ್ವಾಚದ ವಿಷಯ
ಹುಡುಗನಿಗೆ ಗೊತ್ತಿರಲಿಲ್ಲ.